ನಾಣ್ಯ ಸಿಕ್ಕ ನೆಲ



ರೋಮನ್ ಚಕ್ರವರ್ತಿಗಳ ನಾಣ್ಯ ಸಂಗ್ರಹಿಸುವ ಹುಚ್ಚು ನಮ್ಮ ಮನೆಮಂದಿಗೆಲ್ಲ ಇದೆ. ನಾವು ಮೊದಲು ಕೊಂಡದ್ದು ಟಿಬೇರಿಯಸ್ ದೊರೆಯ ಬೆಳ್ಳಿಯ ಡಿನೇರಿಯಸ್. ಒಂದು ಬದಿ ಎಲೆಗಳ ಕಿರೀಟ ಧರಿಸಿದ ದೊರೆಯ ತಲೆ, ಇನ್ನೊಂದು ಬದಿ ಪೀಠದಲ್ಲಿ ಕುಳಿತ ಸ್ತ್ರೀ. ತೂಕ ನಾಲ್ಕು ಗ್ರಾಮಿಗೂ ಕಡಿಮೆ.

ಇಂಥ ನಾಣ್ಯಗಳು ವ್ಯಾಪಾರದ ದಾರಿ ಹಿಡಿದು ನಮ್ಮ ನಾಡಿಗೂ ಬಂದಿದ್ದವು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ನಾಣ್ಯಗಳ ನಿಧಿ ದೊರೆಯಿತು. 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ವೀಲರ್ ಅವರು ಉತ್ಖನನ ನಡೆಸಿದಾಗ ಸಾತವಾಹನರ ಕಾಲದ ಮಣ್ಣಿನ ಪದರದಲ್ಲಿ ಟಿಬೇರಿಯಸ್ ನಾಣ್ಯ ಸಿಕ್ಕಿತು. ಅದರ ಜೊತೆಗಿದ್ದ ಮಡಕೆಚೂರುಗಳ ಕಾಲವನ್ನು ನಿರ್ಧರಿಸಲು ಆ ಒಂದು ನಾಣ್ಯ ನೆರವಾಯಿತು.

ಕಳೆದ ವರ್ಷ ಇಲ್ಲಿಯ ವ್ಯಾಪಾರಿಯೊಬ್ಬರು ಅಂಥದೇ ನಾಣ್ಯ ತೋರಿಸಿ, “ನಿಮ್ಮ ದಕ್ಷಿಣ ಭಾರತದ್ದೇ” ಎಂದರು. ತವರಿನ ಹೆಸರು ಕೇಳಿ ಮನಸ್ಸು ಕರಗಿತು. ಯಾವ ಊರು, ಎಂದು ಹೊರಬಂತು ಎಂದು ಕೇಳಿದರೆ ಉತ್ತರವಿಲ್ಲ, ಕಾಗದವಿಲ್ಲ. ಭಾರತದ 1972ರ ಕಾಯಿದೆಯಂತೆ ನೂರು ವರ್ಷ ಮೀರಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆಸೆ ನುಂಗಿಕೊಂಡು ಹಿಂದಿರುಗಿಸಿದೆವು.

ಈ ಹವ್ಯಾಸವಿರುವ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೆ: ಬೆಲೆ ಕೇಳುವ ಮೊದಲು ಕಾಗದ ಕೇಳಿ. ಊರಿಗೆ ಹೋದಾಗ ಮಕ್ಕಳಿಗೆ ಚಂದ್ರವಳ್ಳಿ ತೋರಿಸಿ.