ಹೊಸ ಮನೆಯ ನೆಲಹಾಸು: ಗ್ರಾಹಕರು ತಿಳಿದಿರಬೇಕಾದ ಸಂಗತಿಗಳು



ಕಾಶಿಯಲ್ಲಿ ನೆಲೆಸಬೇಕೆಂಬ ಹಂಬಲ ಕನ್ನಡಿಗರಿಗೆ ಹೊಸದಲ್ಲ. ಜಂಗಮವಾಡಿ ಮಠದ ಆಸುಪಾಸಿನಲ್ಲಿ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ. ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಚುನಾರಿನ ಕಲ್ಲುಚಪ್ಪಡಿ ಕಾಣುತ್ತದೆ. ಹೊಸ ಬಡಾವಣೆಗಳಲ್ಲಿ ವಿಟ್ರಿಫೈಡ್ ಟೈಲ್ಸ್. ನಿವೃತ್ತಿಯ ಹಣವನ್ನೆಲ್ಲ ತೊಡಗಿಸಿ ಕೊಂಡ ಮನೆಯಲ್ಲಿ ವರ್ಷ ತುಂಬುವುದರೊಳಗೆ ಈ ನೆಲ ಉಬ್ಬಿ ಬಿರುಕುಬಿಟ್ಟರೆ ಆಗುವ ಸಂಕಟ ಸಣ್ಣದಲ್ಲ.

ಇಂತಹ ದೋಷಕ್ಕೆ ಟೈಲ್ಸ್‌ಗಿಂತ ಅದನ್ನು ಕೂರಿಸಿದ ರೀತಿಯೇ ಹೆಚ್ಚಾಗಿ ಕಾರಣ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರನ್ನು ಹೀರುವುದಿಲ್ಲ. ಆದುದರಿಂದ ಬರಿಯ ಸಿಮೆಂಟ್ ಹಾಲು ಅದನ್ನು ಭದ್ರವಾಗಿ ಹಿಡಿಯದು. ತಕ್ಕ ಅಂಟು ಬೇಕು, ಅದೂ ಇಡೀ ತಳಕ್ಕೆ ತಾಗಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತಿದರೆ ನಡುವೆ ಟೊಳ್ಳು ಉಳಿಯುತ್ತದೆ. ನಾಣ್ಯದಿಂದ ತಟ್ಟಿ ನೋಡಿದರೆ ಸದ್ದಿನಿಂದಲೇ ಇದು ತಿಳಿಯುತ್ತದೆ. ವಾರಾಣಸಿಯ ಬೇಸಿಗೆಯಲ್ಲಿ ತಾಪಮಾನ 45 ಡಿಗ್ರಿ ಮುಟ್ಟುವುದುಂಟು. ಚಳಿಗಾಲದಲ್ಲಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಹಿಗ್ಗುವ ಟೈಲ್ಸ್‌ಗೆ ಸಂದುಗಳಲ್ಲಿ, ಗೋಡೆಯ ಅಂಚಿನಲ್ಲಿ ಜಾಗವಿಲ್ಲದಿದ್ದರೆ ಅದು ಮೇಲೇಳದೆ ಬೇರೆ ದಾರಿಯಿಲ್ಲ. ಸಂದೇ ಕಾಣದ ನೆಲವನ್ನು ಅಚ್ಚುಕಟ್ಟೆಂದು ಮೆಚ್ಚುವ ನಮ್ಮ ಅಭಿರುಚಿಯೂ ಇದರಲ್ಲಿ ಸ್ವಲ್ಪ ಪಾಲುದಾರ.

ಮನೆ ಕಟ್ಟಿಕೊಡುವುದೂ ಒಂದು ಸೇವೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 1993ರ ನವೆಂಬರ್ 5ರಂದು ತೀರ್ಪು ನೀಡಿತು. ಅದು ಇದೇ ಉತ್ತರ ಪ್ರದೇಶದ ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ. ಕೆ. ಗುಪ್ತಾ ಅವರ ನಡುವಣ ಪ್ರಕರಣ. ಈಗ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿಯೂ ಗೃಹನಿರ್ಮಾಣವು ಸೇವೆಯೆಂದೇ ಪರಿಗಣಿತವಾಗಿದೆ. ದೂರಿಗೆ ಕಾರಣ ಉಂಟಾದ 2 ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬೇಕು. ಇದಲ್ಲದೆ, 2016ರ ರಿಯಲ್ ಎಸ್ಟೇಟ್ ಅಧಿನಿಯಮಕ್ಕೆ ಒಳಪಟ್ಟ ಯೋಜನೆಯಲ್ಲಿ ಮನೆ ಕೊಂಡಿದ್ದರೆ, ಸ್ವಾಧೀನ ಪಡೆದ 5 ವರ್ಷಗಳೊಳಗೆ ಕಂಡುಬಂದು ತಿಳಿಸಿದ ಕಾಮಗಾರಿ ದೋಷವನ್ನು ನಿರ್ಮಾಣದಾರರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಿಕೊಡಬೇಕು. ತಾವೇ ಟೈಲ್ಸ್ ತಂದು ದಿನಗೂಲಿಯ ಮೇಲೆ ಮೇಸ್ತ್ರಿಯನ್ನು ನೇಮಿಸಿಕೊಂಡವರಿಗೆ ಮಾತ್ರ ದಾರಿ ಇಷ್ಟು ಸುಗಮವಲ್ಲ.

ಅನೇಕರು ಎಡವುವುದು ಒಂದೇ ಕಡೆ. ನೆಂಟರು ಬರುವರೆಂದೋ, ಕಾಲಿಗೆ ಚುಚ್ಚುವುದೆಂದೋ ಅವಸರದಿಂದ ನೆಲವನ್ನು ಕೀಳಿಸಿ ಹೊಸದು ಹಾಕಿಸುತ್ತಾರೆ. ಕಿತ್ತ ಟೈಲ್ಸ್ ಜೊತೆಗೆ ಸಾಕ್ಷ್ಯವೂ ಕಸದ ಗಾಡಿ ಸೇರುತ್ತದೆ! ಮೊದಲು ಛಾಯಾಚಿತ್ರ ತೆಗೆಯಿರಿ. ಟೊಳ್ಳು ಸದ್ದಿನ ಟೈಲ್ಸ್ ಮೇಲೆ ಗುರುತು ಹಾಕಿ ಎಣಿಸಿರಿ. ಸ್ವತಂತ್ರ ಇಂಜಿನಿಯರ್ ಒಬ್ಬರಿಂದ ಲಿಖಿತ ವರದಿ ಪಡೆಯಿರಿ. ಬಿಲ್ಲು, ಒಪ್ಪಂದಪತ್ರಗಳ ಪ್ರತಿಯೊಡನೆ ನೋಂದಾಯಿತ ಅಂಚೆಯಲ್ಲಿ ನಿರ್ಮಾಣದಾರರಿಗೆ ಪತ್ರ ಬರೆಯಿರಿ.

ಮನೆ ವಾರಾಣಸಿಯಲ್ಲಿದ್ದು ತಾವು ಧಾರವಾಡದಲ್ಲಿ ವಾಸವಿದ್ದರೆ ಧಾರವಾಡದಲ್ಲಿಯೇ ಗ್ರಾಹಕ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.