ಕಚ್ಚಿನ ಕಟ್ಟಡ



ಕಟ್ಟುವುದೆಂದರೆ ಅಂಟಿಸುವುದೆಂದು ನಾವು ಸಾಮಾನ್ಯವಾಗಿ ಭಾವಿಸಿದ್ದೇವೆ. ಕಲ್ಲಿಗೂ ಕಲ್ಲಿಗೂ ನಡುವೆ ಸುಣ್ಣದ ಗಾರೆ, ಇಟ್ಟಿಗೆಗೂ ಇಟ್ಟಿಗೆಗೂ ನಡುವೆ ಸಿಮೆಂಟು. ಗಾರೆ ಒಣಗಿದ ಮೇಲೆ ಗೋಡೆಯೆಲ್ಲವೂ ಒಂದೇ ಒಡಲು. ಆದರೆ ಕಟ್ಟಡವಿದ್ಯೆಯಲ್ಲಿ ಇನ್ನೊಂದು ಮಾರ್ಗವೂ ಉಂಟು. ಭಾಗಗಳನ್ನೆಲ್ಲ ಗೊತ್ತಾದ ಅಳತೆಯಲ್ಲಿ ಮೊದಲೇ ಸಿದ್ಧಪಡಿಸಿಕೊಂಡು, ಒಂದರ ನಾಲಗೆಯನ್ನು ಮತ್ತೊಂದರ ಕುಳಿಯಲ್ಲಿ ಕೂರಿಸಿ, ಅಂಟಿನ ಸಹಾಯವಿಲ್ಲದೆಯೇ ಪೂರ್ಣ ಪ್ರಮಾಣದ ಕಟ್ಟಡವನ್ನು ಎಬ್ಬಿಸುವುದು ಆ ಮಾರ್ಗದ ಲಕ್ಷಣ. ಇಂಥ ಸೇರುವೆಯನ್ನು ಕಚ್ಚು ಎನ್ನುವ ರೂಢಿಯುಂಟು. ಈ ಕಚ್ಚಿನ ಕಟ್ಟಡದ ವಿಚಾರವಾಗಿ ಈ ಹೊತ್ತು ಕೆಲವು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇವೆ.

ಈ ವಿಚಾರವನ್ನು ನಾವು ಒಂದು ಊರಿನಲ್ಲಿ ನಿಂತು ನೋಡುವುದು ಲೇಸು. ಅದು ರಾಮನಗರ. ಬೆಂಗಳೂರು ಮೈಸೂರುಗಳ ದಾರಿಯಲ್ಲಿರುವ ರೇಷ್ಮೆಯ ರಾಮನಗರವಲ್ಲ; ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿಯ ಮೇಲೆ, ಕಾಡಿನ ನಡುವೆ ಇರುವ ರಾಮನಗರ. ಕಾಳೀನದಿಗೆ ಅಡ್ಡಲಾಗಿ ೧೦೧ ಮೀಟರು ಎತ್ತರದ ಸೂಪಾ ಅಣೆಕಟ್ಟು ಎದ್ದಾಗ, ಕಾಳಿಯೂ ಪಾಂಡರಿಯೂ ಕೂಡುವೆಡೆಯಲ್ಲಿದ್ದ ಸೂಪಾ ಎಂಬ ಊರು ೧೯೮೦ರ ದಶಕದಲ್ಲಿ ಸುತ್ತಣ ಹಳ್ಳಿಗಳೊಡನೆ ನೀರಿನಡಿಗೆ ಸೇರಿತು. ಹಾಗೆ ನೆಲೆ ಕಳೆದುಕೊಂಡವರಲ್ಲಿ ಅನೇಕರಿಗೆ ಹೊಸ ನೆಲೆಯಾದದ್ದು ಈ ರಾಮನಗರ. ಮನೆಯೊಂದನ್ನು ಬಿಚ್ಚಿ ಒಯ್ಯಬಹುದೇ, ಬೇರೆಡೆ ಬೇಗನೆ ಕಟ್ಟಬಹುದೇ ಎಂಬ ಪ್ರಶ್ನೆ ಇಂಥ ಊರಿನವರಿಗೆ ಪಂಡಿತರ ಚರ್ಚೆಯ ವಿಷಯವಲ್ಲ, ಬಾಳಿನ ಪ್ರಶ್ನೆ.

ರಾಮನಗರದಿಂದ ಪಶ್ಚಿಮಕ್ಕೆ ಹೊರಟು ಅನಮೋಡ ಘಟ್ಟವನ್ನಿಳಿದರೆ ಗೋವೆಯ ಕಾಡಿನೊಳಗೆ ತಾಂಬ್ಡಿ ಸುರ್ಲಾ ಎಂಬಲ್ಲಿ ಒಂದು ಚಿಕ್ಕ ಶಿವಾಲಯ ಸಿಕ್ಕುತ್ತದೆ. ಗೋವೆಯ ಕದಂಬರ ಕಾಲದ್ದು. ಸುಮಾರು ಹನ್ನೆರಡು ಹದಿಮೂರನೆಯ ಶತಮಾನಗಳದ್ದೆಂದು ವಿದ್ವಾಂಸರ ಮತ. ಗರ್ಭಗೃಹ, ಅಂತರಾಳ, ಕಂಬಗಳ ಮಂಟಪ, ಇಷ್ಟೇ ಅದರ ವಿಸ್ತಾರ. ಆದರೆ ಅದರ ಕಪ್ಪು ಕಲ್ಲು ಘಟ್ಟದ ಮೇಲಣ ಬಯಲಿನಿಂದ ಹೊತ್ತು ತಂದದ್ದೆಂದು ಹೇಳುತ್ತಾರೆ. ಕಲ್ಲುಗಳ ನಡುವೆ ಗಾರೆಯಿಲ್ಲ. ಕಂಬದ ಪೀಠ, ಕಾಂಡ, ಬೋದಿಗೆ, ತೊಲೆ, ಮುಚ್ಚಿಗೆಯ ಚಪ್ಪಡಿ, ಇವೆಲ್ಲ ಬೇರೆ ಬೇರೆ ಕಲ್ಲುಗಳಾಗಿದ್ದು ಒಂದರ ಮೇಲೊಂದು ಕುಳಿತಿವೆ. ವರ್ಷವರ್ಷವೂ ಸಹ್ಯಾದ್ರಿಯ ಮಳೆಗಾಲವನ್ನು ಸಹಿಸಿಕೊಂಡು ಏಳೆಂಟು ನೂರು ವರ್ಷ ಅವು ಹಾಗೆಯೇ ನಿಂತಿವೆ.

ಇದು ಒಂಟಿ ಸಾಹಸವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಿಂದ ಕನ್ನಡ ನಾಡಿನ ಶಿಲ್ಪಿಗಳಿಗೆ ಇದು ಕೈಬಂದ ವಿದ್ಯೆ. ೧೧೧೨ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯವನ್ನಾಗಲಿ, ಲಕ್ಕುಂಡಿಯ ಗುಡಿಗಳನ್ನಾಗಲಿ ನೋಡಿದವರು, ತಿರುಗಣೆಯಲ್ಲಿ ಹಿಡಿದು ಉಜ್ಜಿದಂಥ ದುಂಡು ಕಂಬಗಳನ್ನು ಮರೆಯಲಾರರು. ಇಂಥ ಕಂಬದ ಭಾಗಗಳನ್ನು ಬೇರೆಬೇರೆಯಾಗಿ ಕಡೆದು ಸಿದ್ಧಮಾಡಿ, ಆಮೇಲೆ ಒಂದರ ಮೇಲೊಂದನ್ನು ಏರಿಸಿ ಕೂರಿಸುತ್ತಿದ್ದರು.

ಗಾರೆಯಿಲ್ಲದೆ ಕಲ್ಲು ನಿಲ್ಲುವ ಬಗೆ ಹೇಗೆ? ಕಟ್ಟಡದ ಮೇಲೆ ಮುಖ್ಯವಾಗಿ ಮೂರು ವಿಧದ ಬಲಗಳು ವರ್ತಿಸುತ್ತವೆ. ಮೊದಲನೆಯದು ಕೆಳಮುಖವಾದ ಭಾರ. ಇದಕ್ಕೆ ಅಂಟು ಬೇಕಿಲ್ಲ. ಭಾರವು ಹೆಚ್ಚಿದಷ್ಟೂ ಕಲ್ಲು ಕಲ್ಲನ್ನು ಬಿಗಿಯಾಗಿ ಒತ್ತುತ್ತದೆ. ಎರಡನೆಯದು ಪಕ್ಕಕ್ಕೆ ಜಾರಿಸುವ ಬಲ. ಕಚ್ಚು ಹುಟ್ಟಿದ್ದೇ ಇದರ ಸಲುವಾಗಿ. ನಾಲಗೆ ಕುಳಿಯಲ್ಲಿರುವವರೆಗೆ ಕಲ್ಲು ಪಕ್ಕಕ್ಕೆ ಸರಿಯುವಂತಿಲ್ಲ. ಮೂರನೆಯದು ಮೇಲಕ್ಕೆ ಎತ್ತುವ ಬಲ, ಬಿರುಗಾಳಿಯದು. ಕಲ್ಲಿನ ಗುಡಿಗೆ ಇದರ ಭಯವಿಲ್ಲ, ಹಗುರವಾದ ಮಾಡಿಗೆ ಉಂಟು. ಗಾರೆಯು ಕಲ್ಲುಗಳ ನಡುವಣ ಏರುಪೇರನ್ನು ತುಂಬಿ ಕೆಲಸಗಾರನ ತಪ್ಪನ್ನು ಮುಚ್ಚುತ್ತದೆ. ಕಚ್ಚಿನಲ್ಲಿ ಆ ಸೌಕರ್ಯವಿಲ್ಲ. ಇಲ್ಲಿ ಅಂಟಿನ ಕೆಲಸವನ್ನು ಅಳತೆಯೇ ಮಾಡಬೇಕು.

ಕಲ್ಲಿನಲ್ಲಿದ್ದ ಈ ವಿದ್ಯೆಯು ಬಡವರ ಮನೆಯವರೆಗೆ ಬಂದದ್ದು ಮಣ್ಣಿನ ಮೂಲಕ. ಹಳೆಯ ನಾಡಹೆಂಚು ಅರ್ಧ ಕೊಳವೆಯಂತಿದ್ದು, ಒಂದರ ಮೇಲೊಂದು ಸುಮ್ಮನೆ ಒರಗಿಕೊಂಡಿರುತ್ತಿತ್ತು; ಕೋತಿಯೊಂದು ಓಡಿದರೂ ಸಾಲು ಕದಲುತ್ತಿತ್ತು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಫ್ರಾನ್ಸಿನ ಆಲ್ಸೇಸ್ ಸೀಮೆಯಲ್ಲಿ ಗಿಲಾರ್ಡೋನಿ ಸಹೋದರರು ೧೮೪೧ರಲ್ಲಿ ಹಕ್ಕುಪತ್ರ ಪಡೆದಿದ್ದ ಕಚ್ಚಿನ ಹೆಂಚಿನ ಜಾತಿಯದೇ ಮಂಗಳೂರು ಹೆಂಚು. ಅದರ ಒಂದು ಅಂಚಿನಲ್ಲಿ ಗಾಡಿ, ಎದುರಂಚಿನಲ್ಲಿ ಏಣು. ಕೆಳಗಡೆ ರೀಪಿಗೆ ಸಿಕ್ಕಿಕೊಳ್ಳುವ ಮೂಗು. ಪಕ್ಕದ ಹೆಂಚಿನ ಏಣು ಈ ಹೆಂಚಿನ ಗಾಡಿಯಲ್ಲಿ ಕೂರುತ್ತದೆ. ನುಸುಳಿದ ನೀರು ಅದೇ ಗಾಡಿಯಲ್ಲಿ ಇಳಿದು ಕೆಳಗಿನ ಹೆಂಚಿನ ಬೆನ್ನ ಮೇಲೆ ಹರಿದುಹೋಗುತ್ತದೆ. ಸಾಮಾನ್ಯವಾಗಿ ಮೊಳೆಯಾಗಲಿ ಗಾರೆಯಾಗಲಿ ಬೇಕಿಲ್ಲ. ನೂರು ಚದರಡಿಗೆ ಸುಮಾರು ನೂರೈವತ್ತು ಹೆಂಚು ಸಾಕು. ಒಂದೊಂದರ ತೂಕ ಎರಡರಿಂದ ಮೂರು ಕಿಲೋಗ್ರಾಂ.

ಈ ತೂಕವನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಹೆಂಚಿನ ಜಯದ ರಹಸ್ಯ ಅದರಲ್ಲಿದೆ. ಕೆಳಗಿನವನು ಎಸೆದುದನ್ನು ಏಣಿಯ ಮೇಲಿನವನು ಒಂದೇ ಕೈಯಲ್ಲಿ ಹಿಡಿಯಬಲ್ಲ. ಒಂದು ಹೆಂಚು ಒಡೆದರೆ ಅದೊಂದನ್ನೇ ತೆಗೆದು ಬೇರೊಂದನ್ನಿಟ್ಟರೆ ಮುಗಿಯಿತು. ಮನೆಯೊಡೆಯನೇ ಆ ಕೆಲಸ ಮಾಡಿಕೊಳ್ಳಬಹುದು. ಮನೆ ಬಿಡಬೇಕಾಗಿ ಬಂದರೆ ಎಲ್ಲವನ್ನೂ ಇಳಿಸಿ ಗಾಡಿಗೆ ಹೇರಬಹುದು. ಆದರೆ ಒಂದು ನಿಬಂಧನೆಯುಂಟು. ಒಂದು ಕಾರ್ಖಾನೆಯ ಅಚ್ಚಿನ ಹೆಂಚು ಇನ್ನೊಂದರ ಹೆಂಚಿಗೆ ಎಷ್ಟೋ ಸಲ ಸರಿಯಾಗಿ ಕಚ್ಚುವುದಿಲ್ಲ. ಕಾಂಕ್ರೀಟಿನ ತಾರಸಿ ಹೆಚ್ಚಿದಂತೆ ಕರಾವಳಿಯ ಎಷ್ಟೋ ಹೆಂಚಿನ ಕಾರ್ಖಾನೆಗಳು ಮುಚ್ಚಿದವು. ಅಚ್ಚು ಹೋದರೆ ಗಟ್ಟಿಯಾಗಿರುವ ಹಳೆಯ ಮಾಡೂ ಅನಾಥವಾಗುತ್ತದೆ.

ಕಬ್ಬಿಣದಲ್ಲಿಯೂ ಈ ಮಾರ್ಗ ನಮಗೆ ಪರಿಚಿತವೇ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ ೧೮೮೯ರಲ್ಲಿ ಅಡಿಗಲ್ಲಿಟ್ಟರು. ಅದರ ಎರಕದ ಭಾಗಗಳು ಗ್ಲಾಸ್ಗೋ ನಗರದಲ್ಲಿ ತಯಾರಾಗಿ ಹಡಗಿನಲ್ಲಿ ಬಂದಂಥವು. ಅದಕ್ಕೆ ಮಾದರಿಯಾಗಿದ್ದ ಲಂಡನ್ನಿನ ಸ್ಫಟಿಕ ಸೌಧವು ೧೮೫೧ರಲ್ಲಿ ಹೈಡ್ ಪಾರ್ಕಿನಲ್ಲಿ ನಿಂತು, ಪ್ರದರ್ಶನ ಮುಗಿದ ಮೇಲೆ ಬಿಚ್ಚಲ್ಪಟ್ಟು, ಸಿಡನ್‌ಹ್ಯಾಮಿನಲ್ಲಿ ವಿಸ್ತಾರಗೊಂಡು ಮತ್ತೆ ಎದ್ದಿತು.

ಇನ್ನು ಈ ಮಾರ್ಗವು ಸೋತ ಪ್ರಸಂಗವೊಂದನ್ನೂ ಹೇಳಬೇಕು. ಅದರ ನಾಯಕರು ಮೈಸೂರಿಗೆ ಸಂಬಂಧಪಟ್ಟವರು. ಹಿಟ್ಲರನ ಜರ್ಮನಿಯನ್ನು ತೊರೆದು ಬಂದ ಓಟೋ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿ ೧೯೩೯ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅವರ ಕೃತಿಗಳುಂಟು. ದೇಶವಿಭಜನೆಯ ತರುವಾಯ ಲಕ್ಷಾಂತರ ನಿರಾಶ್ರಿತರು ಬಂದಾಗ, ೧೯೪೮ರಲ್ಲಿ ಕೇಂದ್ರ ಸರ್ಕಾರವು ಅವರನ್ನು ವಸತಿಯ ನಿರ್ದೇಶಕರನ್ನಾಗಿ ಕರೆಸಿಕೊಂಡಿತು. ಹಗುರವಾದ ಕಾಂಕ್ರೀಟಿನ ದೊಡ್ಡ ಫಲಕಗಳನ್ನು ದೆಹಲಿಯ ಕಾರ್ಖಾನೆಯಲ್ಲಿ ಎರೆದು, ನಿವೇಶನಕ್ಕೆ ಸಾಗಿಸಿ, ಅಲ್ಪಕಾಲದಲ್ಲಿ ಮನೆಗಳನ್ನು ಜೋಡಿಸುವ ಯೋಜನೆ ಸಿದ್ಧವಾಯಿತು. ಉದ್ದೇಶವು ಘನವಾದುದು, ಬಯಲಿನಲ್ಲಿ ಬಿದ್ದವರಿಗೆ ಸೂರು ಬೇಗ ಬೇಕಾಗಿತ್ತು. ಆದರೆ ಫಲಕಗಳು ಬಿರುಕುಬಿಟ್ಟವು, ನೆಚ್ಚಿದಷ್ಟು ಮನೆಗಳು ಏಳಲಿಲ್ಲ, ಪಾರ್ಲಿಮೆಂಟಿನಲ್ಲಿ ಟೀಕೆಯೆದ್ದಿತು. ೧೯೫೧ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟರು. ಕಾರ್ಖಾನೆಯು ೧೯೫೩ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಹೆಸರು ಪಡೆದು ಬೇರೆ ಬಗೆಯ ಕಾಂಕ್ರೀಟು ಸಾಮಗ್ರಿಗಳನ್ನು ತಯಾರಿಸುತ್ತ ಮುಂದುವರಿಯಿತು.

ಹೆಂಚು ಗೆದ್ದುದಕ್ಕೂ ಫಲಕ ಸೋತುದಕ್ಕೂ ಕಾರಣವೇನು? ನಮಗೆ ತೋರುವುದು ಹೀಗೆ. ಗೋಡೆಯಷ್ಟೇ ದೊಡ್ಡದಾದ ಭಾಗಕ್ಕೆ ದೊಡ್ಡ ಕಾರ್ಖಾನೆ ಬೇಕು, ಒಳ್ಳೆಯ ರಸ್ತೆ ಬೇಕು, ಎತ್ತುವ ಯಂತ್ರ ಬೇಕು. ಒಂದು ಭಾಗ ಕೆಟ್ಟರೆ ಮನೆಯ ಒಂದು ಮಗ್ಗುಲೇ ಕೆಟ್ಟಂತೆ, ಮತ್ತು ಅದನ್ನು ಸರಿಪಡಿಸುವುದು ನಿವಾಸಿಯ ಕೈಯಲ್ಲಿಲ್ಲ. ಚಿಕ್ಕ ಭಾಗದಲ್ಲಾದರೆ ದೋಷವೂ ಚಿಕ್ಕದು. ನೆಲೆ ತಪ್ಪಿದವರಿಗಾಗಿ ಮನೆ ಕಟ್ಟುವಾಗ ಬೇಗ ಮುಗಿಯುವುದೇ ಗುರಿಯೆಂದು ತೋರುವುದು ಸಹಜ. ಮುಗಿದ ಹತ್ತು ವರ್ಷದ ಮೇಲೆ ಅದನ್ನು ರಿಪೇರಿ ಮಾಡುವವರು ಯಾರೆಂಬುದೂ ಅಷ್ಟೇ ಮುಖ್ಯ.

ಇತ್ತೀಚಿನ ದಶಕಗಳಲ್ಲಿ ಗೋಡೆಯ ವಿಷಯದಲ್ಲಿ ಇಂಥ ಚಿಕ್ಕ ಭಾಗವೊಂದು ದೊರೆತಿದೆ. ೧೯೭೪ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಹುಟ್ಟಿತು. ಸ್ಥಳದ ಮಣ್ಣಿಗೆ ತುಸು ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯನ್ನು ಅಲ್ಲಿನ ವಿಜ್ಞಾನಿಗಳು ಪ್ರಚಾರಕ್ಕೆ ತಂದರು. ಇದನ್ನು ಸುಡಬೇಕಾಗಿಲ್ಲವಾದ್ದರಿಂದ ಗೂಡಿಗೆ ಸೌದೆ ಬೇಡ. ಇಂಥದೇ ಯಂತ್ರದ ಅಚ್ಚಿನಲ್ಲಿ ಏಣು ಗಾಡಿಗಳನ್ನು ಕೊರೆದರೆ ಕಚ್ಚಿನ ಇಟ್ಟಿಗೆಯಾಗುತ್ತದೆ. ಜನರು ಇದನ್ನು ಇಂಟರ್‌ಲಾಕ್ ಇಟ್ಟಿಗೆಯೆಂದು ಕರೆಯುತ್ತಾರೆ. ಜಂಬುಮಣ್ಣಿನ ನಾಡಾದ ಕರಾವಳಿ ಮಲೆನಾಡುಗಳಲ್ಲಿ ಈ ಬಗೆಯ ಮನೆಗಳು ಎದ್ದಿವೆ.

ಇಲ್ಲಿಯೂ ಅಳತೆಯೇ ಒಡೆಯ. ಗೋಡೆಗೆ ಇಪ್ಪತ್ತೈದು ವರಸೆಯೆಂದಿಟ್ಟುಕೊಳ್ಳಿ. ಇಟ್ಟಿಗೆಯ ಒಂದು ಮಗ್ಗುಲು ಎರಡೇ ಮಿಲಿಮೀಟರು ಎತ್ತರವಾಗಿದ್ದು, ಎಲ್ಲ ಇಟ್ಟಿಗೆಗಳೂ ಅದೇ ದಿಕ್ಕಿಗೆ ಕುಳಿತರೆ, ಮೇಲೆ ಹೋಗುವಷ್ಟರಲ್ಲಿ ಐದು ಸೆಂಟಿಮೀಟರಿನ ವ್ಯತ್ಯಾಸವಾಗುತ್ತದೆ. ಗಾರೆಯ ಗೋಡೆಯಲ್ಲಿ ಮೇಸ್ತ್ರಿ ಇದನ್ನು ವರಸೆವರಸೆಗೂ ತಿದ್ದುತ್ತಿದ್ದ. ಇಲ್ಲಿ ತಿದ್ದುವುದಕ್ಕೆ ಎಡೆಯಿಲ್ಲ. ಆದುದರಿಂದ ಮೊದಲನೆಯ ವರಸೆಯನ್ನು ಗಾರೆಯ ಮೇಲೆ ಕೂರಿಸಿ ಮಟ್ಟಗೋಲಿನಿಂದ ಚೆನ್ನಾಗಿ ಪರೀಕ್ಷಿಸಬೇಕು. ಮೂಲೆಗಳಲ್ಲಿಯೂ ಬಾಗಿಲ ಪಕ್ಕಗಳಲ್ಲಿಯೂ ಇಟ್ಟಿಗೆಯ ತೂತುಗಳೊಳಗೆ ಕಬ್ಬಿಣದ ಸರಳನ್ನಿಳಿಸಿ ಕಾಂಕ್ರೀಟು ಸುರಿಯುವುದು ಭೂಕಂಪದ ದೃಷ್ಟಿಯಿಂದ ಅಗತ್ಯ. ಅಷ್ಟರಮಟ್ಟಿಗೆ ಆ ಗೋಡೆ ಬಿಚ್ಚುವ ಗುಣವನ್ನು ಬಿಟ್ಟುಕೊಡುತ್ತದೆ. ಭದ್ರತೆಗೂ ಬಿಡುಗಡೆಗೂ ನಡುವಣ ಈ ಒಪ್ಪಂದವನ್ನು ಪ್ರತಿಯೊಬ್ಬ ಕಟ್ಟುವವನೂ ತಾನೇ ನಿರ್ಣಯಿಸಿಕೊಳ್ಳಬೇಕಾಗಿದೆ.

ಕೊನೆಯದಾಗಿ ಮತ್ತೆ ಅಣೆಕಟ್ಟಿನ ಮಾತು. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಈ ಶತಮಾನದ ಆದಿಯಲ್ಲಿ ಖೋಡೇ ಪ್ರತಿಷ್ಠಾನದವರು ಕಲ್ಲುಕಲ್ಲಿಗೂ ಗುರುತು ಹಾಕಿ ಬಿಚ್ಚಿಸಿ, ಎತ್ತರದ ದಡದಲ್ಲಿ ಮತ್ತೆ ಜೋಡಿಸಿದರು. ಹಲವು ದಶಕ ನೀರಿನಲ್ಲಿದ್ದ ಕಲ್ಲುಗಳು ಪುನಃ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತವು. ಆದರೆ ಹಳ್ಳಿಯ ಮನೆಯೊಂದನ್ನು ನೋಡಿ. ಕಚ್ಚಿನಿಂದ ಸೇರಿಸಿದ ಕಂಬ ತೊಲೆಗಳನ್ನು ಬಿಚ್ಚಬಹುದು, ಹೆಂಚನ್ನು ಇಳಿಸಬಹುದು, ಬಾಗಿಲ ಚೌಕಟ್ಟನ್ನು ಕೀಳಬಹುದು. ಮೆತ್ತಿದ ಮಣ್ಣಿನ ಗೋಡೆ ಮಾತ್ರ ನೀರಿನ ಪಾಲು. ಗದ್ದೆ, ಬಾವಿ, ದೇವರ ಕಾಡು, ಹೊಳೆಯ ದಾರಿ, ಇವಕ್ಕೆ ಯಾವ ಕಚ್ಚೂ ಇಲ್ಲ; ಅವು ಬಿಚ್ಚಿ ಬರುವ ವಸ್ತುಗಳಲ್ಲ. ನೆಲೆ ಕಳೆದುಕೊಂಡವರಿಗೆ ಮನೆಯ ಬೆಲೆಯನ್ನು ಎಣಿಸಿ ಕೊಡುವವರು ಈ ಭೇದವನ್ನು ಮರೆಯಬಾರದು.

ಮರೆಯದಿದ್ದರೆ ಕಚ್ಚಿನ ವಿದ್ಯೆಯಿಂದ ಬಹಳ ಉಪಕಾರವಾದೀತು. ಒಬ್ಬ ಮನುಷ್ಯನು ಎತ್ತಬಲ್ಲಷ್ಟು ಭಾಗ, ಊರಿನಲ್ಲಿಯೇ ಒತ್ತಬಹುದಾದ ಅಚ್ಚು, ಎಲ್ಲ ಕಾರ್ಖಾನೆಗಳಿಗೂ ಒಂದೇ ಅಳತೆ, ಕೆಟ್ಟುದನ್ನು ಮನೆಯವರೇ ಬದಲಿಸುವ ಅನುಕೂಲ: ಈ ನಾಲ್ಕು ಒದಗಿದಲ್ಲಿ, ಹೊಸ ನೆಲಕ್ಕೆ ಬಂದವರು ಇನ್ನೊಬ್ಬರ ದಯೆಗಾಗಿ ಕಾಯದೆ ತಮ್ಮ ಸೂರನ್ನು ತಾವೇ ಎಬ್ಬಿಸಿಕೊಳ್ಳಬಲ್ಲರು, ತಾವೇ ಕಾಪಾಡಿಕೊಳ್ಳಬಲ್ಲರು. ಶ್ರೋತೃಗಳಲ್ಲಿ ಮನೆ ಕಟ್ಟಿಸುವವರೂ ಇರಬಹುದು, ಇಂಥ ಯೋಜನೆಗಳಿಗೆ ಸಹಿ ಹಾಕುವವರೂ ಇರಬಹುದು. ಇಬ್ಬರೂ ಈ ವಿಷಯವನ್ನು ಪರ್ಯಾಲೋಚಿಸಬೇಕೆಂದು ವಿಜ್ಞಾಪಿಸಿ ನಮ್ಮ ಭಾಷಣವನ್ನು ಮುಗಿಸುತ್ತೇವೆ.