ತರಗತಿಗೆ ಮುನ್ನ, ಆಸ್ಪತ್ರೆಯ ಸಾಲಿನಲ್ಲಿ

(ಸಂಘದ ವಿದ್ಯಾರ್ಥಿ ಅಭಿನಂದನ ಸಭೆಯಲ್ಲಿ ಮಾಡಿದ ಭಾಷಣ)



ವೈದ್ಯಕೀಯಕ್ಕೂ ಇಂಜಿನಿಯರಿಂಗಿಗೂ ಆಯ್ಕೆಯಾದವರ ಹೆಸರುಗಳನ್ನು ಓದಿದಾಗ ಸಭೆ ದೀರ್ಘ ಕರತಾಡನ ಮಾಡಿತು. ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ಪಡೆದ ಹುಡುಗಿಯ ಹೆಸರು ಬಂದಾಗ ಮಾತ್ರ ಚಪ್ಪಾಳೆ ತುಸು ಅನುಮಾನಿಸಿತು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಅದೇನು, ಆಸ್ಪತ್ರೆಯಲ್ಲಿ ಗುಮಾಸ್ತಿಕೆಯೆ?’ ಎಂದು ಮೆಲ್ಲಗೆ ಕೇಳಿದರು. ಆ ಹುಡುಗಿ ನನ್ನ ತಂಗಿಯ ಮಗಳು. ಕಳೆದ ವಾರ ಅವಳು, ‘ಮಾವ, ತರಗತಿಗಳಿಗೆ ಇನ್ನೂ ಆರು ವಾರಗಳಿವೆ, ಏನು ಓದಿಕೊಳ್ಳಲಿ?’ ಎಂದು ಕೇಳಿದ್ದಳು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಕೇಂದ್ರ ಸರ್ಕಾರದ ಲೆಕ್ಕಪರಿಶೋಧನೆಯಲ್ಲಿ ಆಯುಷ್ಯದ ಬಹುಪಾಲನ್ನು ಸವೆಸಿದವನು ನಾನು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸುತ್ತೇನೆ. ಆ ಹಿರಿಯರಿಗೂ ಅದರಲ್ಲಿ ಉತ್ತರ ದೊರೆಯಬಹುದು.

ಪದವಿ ಪ್ರಮಾಣಪತ್ರ, ವಲಸೆ ಪ್ರಮಾಣಪತ್ರ, ಬ್ಯಾಂಕಿನ ಸಾಲ, ವಸತಿ ಇವುಗಳ ಬಗ್ಗೆ ಹೇಳಬೇಕಾಗಿಲ್ಲ; ತಾಯಂದಿರು ಆ ಚಿಂತೆಯಲ್ಲೇ ಇದ್ದಾರೆ. ಆದರೆ ಒಂದು ಮಾತು. ಆಡಳಿತದ ವಿದ್ಯಾರ್ಥಿಯೂ ವಾರ್ಡುಗಳಲ್ಲಿ ಓಡಾಡಬೇಕಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ವರಸೆಗಳು ಮುಗಿಯಲು ಆರು ತಿಂಗಳು ಬೇಕು. ಹಿಂದೆ ಹಾಕಿಸಿರದಿದ್ದರೆ ವೈದ್ಯರನ್ನು ಕೇಳಿ ಇಂದೇ ಆರಂಭಿಸುವುದು ಲೇಸು.

ಇನ್ನು ಓದು. ಮ್ಯಾನೇಜ್‌ಮೆಂಟಿನ ದಪ್ಪ ಗ್ರಂಥಗಳನ್ನು ಈಗಲೇ ಕೊಳ್ಳಬೇಡ, ಮೊದಲು ಗುಣಾಕಾರ ಭಾಗಾಕಾರ ಕಲಿ ಎಂದು ಅವಳಿಗೆ ಹೇಳಿದೆ. ನಗಬೇಡಿ. ನೂರು ಹಾಸಿಗೆಗಳ ಆಸ್ಪತ್ರೆಯೊಂದಿದೆ ಎಂದು ಭಾವಿಸಿ. ಮೂವತ್ತು ದಿನಗಳಿಗೆ ಮೂರು ಸಾವಿರ ಹಾಸಿಗೆ-ದಿನಗಳಾದುವು. ಅವುಗಳಲ್ಲಿ 2,400 ಭರ್ತಿಯಾಗಿದ್ದರೆ ಬಳಕೆ ಶೇಕಡ 80. ಆ ತಿಂಗಳಲ್ಲಿ 480 ರೋಗಿಗಳು ಬಿಡುಗಡೆಯಾಗಿದ್ದರೆ ಸರಾಸರಿ ಒಬ್ಬೊಬ್ಬರು ಐದು ದಿನ ಉಳಿದರು ಎಂದಾಯಿತು. ಇದನ್ನು ನಾಲ್ಕು ದಿನಕ್ಕಿಳಿಸಿದರೆ ಅದೇ 2,400 ಹಾಸಿಗೆ-ದಿನಗಳಲ್ಲಿ 600 ಮಂದಿಗೆ ಚಿಕಿತ್ಸೆ ದೊರೆಯುತ್ತದೆ. ಒಂದು ಇಟ್ಟಿಗೆಯನ್ನೂ ಇಡದೆ 120 ಜನರಿಗೆ ಹೆಚ್ಚುವರಿ ಸ್ಥಳ! ಈ ಐದನೆಯ ದಿನ ಎಷ್ಟೋ ವೇಳೆ ಔಷಧಕ್ಕಾಗಿ ಕಳೆದದ್ದಲ್ಲ; ಪ್ರಯೋಗಾಲಯದ ವರದಿಗಾಗಿ, ಬಿಲ್ಲಿನ ಮೇಲಿನ ಒಂದು ಸಹಿಗಾಗಿ ಕಳೆದದ್ದು.

ಆದರೆ ಲೆಕ್ಕ ಇಲ್ಲಿಗೇ ನಿಂತರೆ ಅದು ಅನರ್ಥಕ್ಕೂ ದಾರಿಯಾದೀತು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಸುತ್ತಲಿನ ಪಾದಚಾರಿ ಮಾರ್ಗಗಳನ್ನು ನೀವೆಲ್ಲ ನೋಡಿದ್ದೀರಿ. ದೂರದೂರದ ರಾಜ್ಯಗಳಿಂದ ಬಂದ ಸಂಸಾರಗಳು ಅಲ್ಲಿ ಚಾಪೆ ಹಾಸಿ ಮಲಗುತ್ತವೆ. ಅವುಗಳ ನಡುವೆ ನಮ್ಮ ಕಡೆಯ ಮಾತೂ ಒಮ್ಮೊಮ್ಮೆ ಕಿವಿಗೆ ಬೀಳುತ್ತದೆ. ಒಂದು ದಿನ ಮೊದಲೇ ಮನೆಗೆ ಕಳುಹಿಸುವುದೆಂದರೆ ಯಾರ ಮನೆಗೆ, ಎಷ್ಟು ದೂರದ ಮನೆಗೆ? ಈ ಪ್ರಶ್ನೆಗೆ ಕೋಷ್ಟಕದಲ್ಲಿ ಅಂಕಣವಿರುವುದಿಲ್ಲ.

ಸ್ವಂತದ ಒಂದು ಸಂಗತಿಯನ್ನು ಹೇಳಲು ಅಪ್ಪಣೆ ಕೇಳುತ್ತೇನೆ. 1998ರಲ್ಲಿ ನನ್ನ ತಂದೆ ಗದಗಿನ ಸಮೀಪದ ನಮ್ಮ ಹಳ್ಳಿಯಿಂದ ಇಲ್ಲಿಗೆ ಬಂದಿದ್ದರು. ಒಂದು ಬೆಳಿಗ್ಗೆ, ‘ಎದ್ಯಾಗ ಉರಿ ಬಿದ್ದಂಗ ಆಗೇತಿ’ ಎಂದರು. ನನಗೆ ಕಚೇರಿಯಲ್ಲಿ ತುರ್ತು ಕೆಲಸ. ತಾಯಿ, ನೆರೆಮನೆಯ ಹುಡುಗನನ್ನು ಜೊತೆಗೆ ಕರೆದುಕೊಂಡು, ಅವರನ್ನು ಈ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಒಯ್ದರು. ನೋಂದಣಿಯ ಕಿಟಕಿಯಲ್ಲಿ ಕೇಳಿದ ಪ್ರಶ್ನೆಗೆ ಹುಡುಗ ತನಗೆ ತಿಳಿದ ಹಿಂದಿಯಲ್ಲಿ, ಹೊಟ್ಟೆ ಉರಿಯೆಂದು ಅನುವಾದಿಸಿದ. ಚೀಟಿ ಆ ವಿಭಾಗಕ್ಕೆ ಆಯಿತು. ಮೂರು ಗಂಟೆ ಆ ಸಾಲಿನಲ್ಲಿ ಕುಳಿತರು. ಬಳಿಕ ಬೇರೊಂದು ಕಟ್ಟಡಕ್ಕೆ ಹೋಗಿರೆಂದರು. ಅಲ್ಲಿ ಆ ಹೊತ್ತಿಗೆ ಹೆಸರು ಬರೆದುಕೊಳ್ಳುವ ವೇಳೆ ಮೀರಿತ್ತು. ಮರುದಿನ ನಾನೇ ಕರೆದೊಯ್ದಾಗ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿದೆಯೆಂದು ತಿಳಿಯಿತು. ಆಮೇಲೆ ಒಂಬತ್ತು ವರ್ಷ ಬದುಕಿದರು, ಆದರೆ ಹೊಲದ ಬದುವಿನವರೆಗೂ ನಡೆಯಲಾಗದೆ ಬದುಕಿದರು. ಅಂದು ಯಾವ ವೈದ್ಯರೂ ತಪ್ಪು ಮಾಡಿರಲಿಲ್ಲ. ಹೃದಯದ ವೈದ್ಯರವರೆಗೆ ನನ್ನ ತಂದೆ ತಲುಪಿಯೇ ಇರಲಿಲ್ಲ. ಹೆಬ್ಬಾಗಿಲಿನಿಂದ ವೈದ್ಯರ ಮೇಜಿನವರೆಗಿನ ಆ ದಾರಿಯೇ, ಹಿರಿಯರೆ, ಆಡಳಿತವೆಂಬುದು.

ಅಂದಿನ ತುರ್ತು ಕೆಲಸವೇನೆಂಬುದನ್ನೂ ಹೇಳಿಬಿಡುತ್ತೇನೆ. ಒಬ್ಬ ನಿವೃತ್ತ ನೌಕರರ ಕಡತವನ್ನು, ಒಂದು ದಿನಾಂಕ ನಮೂದಾಗಿಲ್ಲವೆಂಬ ಕಾರಣಕ್ಕೆ, ಮೂರನೆಯ ಬಾರಿ ಹಿಂದಿರುಗಿಸಿದ್ದೆ. ಕಿಟಕಿಯ ಒಳಬದಿಯಲ್ಲಿ ಕುಳಿತವನಿಗೆ ಹೊರಗಿನ ಸಾಲು ಕಾಣುವುದಿಲ್ಲ.

ಓದಲೇಬೇಕೆಂದರೆ 1946ರ ಭೋರ್ ಸಮಿತಿಯ ವರದಿಯನ್ನು ಓದಲಿ. ಹಣ ತೆರಲಾರದವನೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಅದು ಸ್ವಾತಂತ್ರ್ಯಕ್ಕೆ ಮೊದಲೇ ಹೇಳಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆ ವೆಚ್ಚದ ರಕ್ಷಣೆ ನೀಡಿತು. ಸರ್ಕಾರವೇ ಆಸ್ಪತ್ರೆ ಕಟ್ಟಿ ನಡೆಸಬೇಕೆಂಬ ಆಶಯದಿಂದ, ಸರ್ಕಾರ ಹಣ ತೆತ್ತು ಖಾಸಗಿಯವರಿಂದಲೂ ಚಿಕಿತ್ಸೆ ಕೊಳ್ಳುವ ವ್ಯವಸ್ಥೆಗೆ ನಾವು ಸಾಗಿ ಬಂದ ಬಗೆ ಈ ಎರಡರ ನಡುವೆ ಇದೆ. ನನಗೆ ಇದರಲ್ಲಿ ಪೂರ್ಣ ಸಮಾಧಾನವಿಲ್ಲ. ಆದರೆ ನನ್ನ ಅಸಮಾಧಾನವನ್ನು ಅವಳು ಎರವಲು ಪಡೆಯಬೇಕಾಗಿಲ್ಲ. ಜೊತೆಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು: ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳಲ್ಲಿ ಯಾವುದಕ್ಕೆ ಏನು ಹೋಗಬೇಕೆಂಬುದು ಬಾಯಿಪಾಠವಾಗಿರಲಿ. ಸೂಜಿ ತಪ್ಪು ಚೀಲಕ್ಕೆ ಬಿದ್ದರೆ ಚುಚ್ಚುವುದು ಕಸ ಎತ್ತುವವಳ ಕೈಗೆ.

ಭಾಷೆಯ ವಿಷಯ. ಮರಾಠಿಯನ್ನು ಚೆನ್ನಾಗಿ ಕಲಿಯಲಿ. ಇಲ್ಲಿನ ರೋಗಿ ಆ ಭಾಷೆಯಲ್ಲಿ ನರಳುತ್ತಾನೆ. ನಮ್ಮ ಸಂಘ ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕಿಸುತ್ತದೆ. ವಾರಕ್ಕೆರಡು ಬೆಳಿಗ್ಗೆ, ಕನ್ನಡ ಬಲ್ಲ ಇಬ್ಬರು ನಿವೃತ್ತರನ್ನು ಆಸ್ಪತ್ರೆಗಳ ನೋಂದಣಿ ಕಿಟಕಿಯ ಬಳಿ ನಿಲ್ಲಿಸುವ ಬಗ್ಗೆ ಕಾರ್ಯಕಾರಿ ಸಮಿತಿ ಯೋಚಿಸಬೇಕೆಂದು ವಿನಂತಿಸುತ್ತೇನೆ. ಮೊದಲ ಹೆಸರು ನನ್ನದನ್ನೇ ಬರೆದುಕೊಳ್ಳಿ. ನಿವೃತ್ತಿಗೆ ಇನ್ನು ಹೆಚ್ಚು ಕಾಲವಿಲ್ಲ.

ಬರುವ ಸೋಮವಾರ ರಜೆ ಹಾಕಿದ್ದೇನೆ. ಬೆಳಿಗ್ಗೆ ಆರು ಗಂಟೆಗೆ ಸೊಸೆಯೂ ನಾನೂ ಹೊರರೋಗಿ ವಿಭಾಗದ ಸಾಲೊಂದರ ಪಕ್ಕದಲ್ಲಿ ನಿಲ್ಲುವವರಿದ್ದೇವೆ. ಅವಳ ಬಳಿ ಒಂದು ಗಡಿಯಾರ, ಒಂದು ನೋಟುಬುಕ್ಕು. ಕೊನೆಯಲ್ಲಿ ಬಂದು ನಿಂತವನು ಕಿಟಕಿ ತಲುಪಲು ಎಷ್ಟು ನಿಮಿಷ, ಅಲ್ಲಿಂದ ವೈದ್ಯರ ಬಳಿಗೆ ಎಷ್ಟು ನಿಮಿಷ ಎಂಬುದನ್ನು ಬರೆದುಕೊಳ್ಳುತ್ತಾಳೆ. ಬರಲು ಇಚ್ಛೆಯುಳ್ಳವರು ಸಭೆ ಮುಗಿದ ಬಳಿಕ ನನ್ನನ್ನು ಕಾಣಬಹುದು.